ಇಷ್ಟೊಂದು ಸಂವಿಧಾನ ಬರೆದ ಚೀನಾದಲ್ಲಿ ಸಂವಿಧಾನಬದ್ಧ ಆಡಳಿತ ಏಕೆ ನೆಲೆಯೂರಲಿಲ್ಲ?

ತುಂಗಾತೀರ:
ಚೀನಾದ ಇಪ್ಪತ್ತನೆಯ ಶತಮಾನದ ಇತಿಹಾಸ ಓದುತ್ತಿರುವಾಗ ಒಂದು ಪ್ರಶ್ನೆ ಬೆನ್ನು ಬಿಡುತ್ತಿಲ್ಲ. 1908ರಲ್ಲಿ ಕೊನೆಯ ರಾಜವಂಶವಾದ ಚಿಂಗ್ ಅರಮನೆಯೇ ಸಂವಿಧಾನದ ರೂಪುರೇಷೆ ಹೊರಡಿಸಿತು. 1912ರಲ್ಲಿ ಗಣರಾಜ್ಯದ ತಾತ್ಕಾಲಿಕ ಸಂವಿಧಾನ ಬಂತು. 1914, 1923, 1931, 1947 ಹೀಗೆ ಒಂದರ ಮೇಲೊಂದು ಬಂದವು. ಕಮ್ಯುನಿಸ್ಟರ ಕಾಲದಲ್ಲಿ 1954, 1975, 1978, 1982. ಸಂವಿಧಾನ ಬೇಡ ಎಂದವರು ಬಹುತೇಕ ಯಾರೂ ಇಲ್ಲ, ಎಲ್ಲರೂ ಬರೆದವರೇ. ಆದರೂ ಅಧಿಕಾರದಲ್ಲಿ ಇರುವವನ ಕೈಯನ್ನು ಅದು ಹಿಡಿದು ನಿಲ್ಲಿಸಿದ ಉದಾಹರಣೆ ಹುಡುಕಿದರೆ ಬೆರಳೆಣಿಕೆಯಷ್ಟೂ ಸಿಗುವುದಿಲ್ಲ. ಇದಕ್ಕೆ ಕಾರಣ ಸಂಸ್ಕೃತಿಯೇ, ಯುದ್ಧಗಳೇ, ಅಥವಾ ಬರೆದವರ ಉದ್ದೇಶವೇ ಬೇರೆ ಇತ್ತೇ? ತಿಳಿದವರು ದಯವಿಟ್ಟು ಬರೆಯಿರಿ.

ಬಯಲುಸೀಮೆ:
ಕನ್ಫ್ಯೂಷಿಯಸನ ನಾಡು. ಅರಸ ತಂದೆ, ಪ್ರಜೆ ಮಗ. ಮಗ ತಂದೆಯ ಮೇಲೆ ಕಾನೂನು ಹೇರುವುದಿಲ್ಲ. ಇದರಲ್ಲಿ ಹುಡುಕಲು ಇನ್ನೇನಿದೆ?

ತೈಪೆಯ ಕನ್ನಡಿಗ:
ಬಯಲುಸೀಮೆಯವರೇ, ಅದೇ ಕನ್ಫ್ಯೂಷಿಯಸನನ್ನು ಓದಿದ ಜನ ತೈವಾನಿನಲ್ಲಿ ಇದ್ದಾರೆ, ದಕ್ಷಿಣ ಕೊರಿಯಾದಲ್ಲಿ ಇದ್ದಾರೆ. ಕೊರಿಯಾದ ಸಂವಿಧಾನ ನ್ಯಾಯಾಲಯ 2017ರಲ್ಲಿ ಹಾಲಿ ಅಧ್ಯಕ್ಷೆಯನ್ನೇ ಮನೆಗೆ ಕಳುಹಿಸಿತು. ಸಂಸ್ಕೃತಿಯ ಮಾತು ಇಷ್ಟು ಸುಲಭವಾಗಿ ಹೇಳಬೇಡಿ. ತೈವಾನ್ ಬಗ್ಗೆ ಬಿಡುವು ಮಾಡಿಕೊಂಡು ಬರೆಯುತ್ತೇನೆ.

ನಿವೃತ್ತ ಇತಿಹಾಸ ಮೇಷ್ಟ್ರು:
ತುಂಗಾತೀರ ಅವರ ಕೊನೆಯ ಪ್ರಶ್ನೆಯಲ್ಲೇ ಉತ್ತರ ಇದೆ. ಚೀನಾದಲ್ಲಿ ಸಂವಿಧಾನದ ಬಯಕೆ ಹುಟ್ಟಿದ್ದು ಸೋಲಿನಿಂದ. 1895ರಲ್ಲಿ ಪುಟ್ಟ ಜಪಾನ್ ದೊಡ್ಡ ಚೀನಾವನ್ನು ಸೋಲಿಸಿತು. ಅದಾದ ಮೇಲೆ ಕಾಂಗ್ ಯೂವೆ, ಲಿಯಾಂಗ್ ಚಿಚಾವೊ ಮುಂತಾದವರು 1898ರಲ್ಲಿ ಗುವಾಂಗ್‌ಶು ಚಕ್ರವರ್ತಿಯ ಮೂಲಕ ಸುಧಾರಣೆಗೆ ಹೊರಟರು. ನೂರು ದಿನ ಕಳೆಯುವಷ್ಟರಲ್ಲಿ ರಾಜಮಾತೆ ತ್ಸಿಶಿ ಚಕ್ರವರ್ತಿಯನ್ನು ಸೆರೆಯಲ್ಲಿಟ್ಟಳು, ಆರು ಮಂದಿ ಸುಧಾರಕರ ತಲೆ ಉರುಳಿತು. ಅದೇ ತ್ಸಿಶಿ 1905ರ ನಂತರ ಸಂವಿಧಾನಕ್ಕೆ ಒಪ್ಪಿಕೊಂಡಳು. ಏಕೆ? ಆ ವರ್ಷ ಜಪಾನ್ ರಷ್ಯಾವನ್ನೂ ಸೋಲಿಸಿತ್ತು. ಸಂವಿಧಾನ ಇರುವ ದೇಶ ಗೆದ್ದಿತು, ಇಲ್ಲದ ದೇಶ ಸೋತಿತು ಎಂದು ಬೀಜಿಂಗಿನ ಪತ್ರಿಕೆಗಳಿಂದ ಹಿಡಿದು ಅಧಿಕಾರಿಗಳವರೆಗೆ ಎಲ್ಲರೂ ಮಾತನಾಡಿಕೊಂಡರು. ಸಂವಿಧಾನ ಎಂದರೆ ಅವರಿಗೆ ಹಡಗು, ತೋಪು, ರೈಲ್ವೆಯಂತೆ ರಾಜ್ಯವನ್ನು ಬಲಪಡಿಸುವ ಒಂದು ಸಾಧನ.

ಅಧ್ಯಯನಕ್ಕೆಂದು ಐವರು ಮಂತ್ರಿಗಳನ್ನು ಹೊರದೇಶಗಳಿಗೆ ಕಳುಹಿಸಿದರು. ಬೀಜಿಂಗ್ ರೈಲು ನಿಲ್ದಾಣದಲ್ಲೇ ಒಬ್ಬ ಕ್ರಾಂತಿಕಾರಿ ಅವರ ಮೇಲೆ ಬಾಂಬು ಹಾಕಿದ. ಪ್ರಯಾಣ ಕೆಲ ತಿಂಗಳು ಮುಂದಕ್ಕೆ ಹೋಯಿತು, ನಿಲ್ಲಲಿಲ್ಲ. ಅವರು ಹಿಂದಿರುಗಿ ಮೆಚ್ಚಿದ್ದು ಜಪಾನಿನ ಮೇಜಿ ಸಂವಿಧಾನವನ್ನು, ಏಕೆಂದರೆ ಅದರಲ್ಲಿ ಚಕ್ರವರ್ತಿಯ ಅಧಿಕಾರ ಅಷ್ಟಾಗಿ ಕುಂದಿರಲಿಲ್ಲ. 1908ರ ರೂಪುರೇಷೆಯ 23 ವಿಧಿಗಳಲ್ಲಿ 14 ಚಕ್ರವರ್ತಿಯ ಅಧಿಕಾರದ ಬಗ್ಗೆಯೇ ಇವೆ. ಪ್ರಜೆಗಳ ಹಕ್ಕು ಮತ್ತು ಕರ್ತವ್ಯಗಳನ್ನು ಅನುಬಂಧಕ್ಕೆ ತಳ್ಳಿದರು. ಜಾರಿಗೆ ಒಂಬತ್ತು ವರ್ಷದ ಸಿದ್ಧತೆ ಬೇಕು ಎಂದರು. ಮೂರೂವರೆ ವರ್ಷದೊಳಗೆ ವಂಶವೇ ಅಳಿಯಿತು.

ಅಲ್ಲಿ ಬಿದ್ದ ಈ ಅಡಿಪಾಯ ಬದಲಾಗಲೇ ಇಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಚಿಂಗ್ ಆಗಲಿ, ರಾಷ್ಟ್ರವಾದಿ ಪಕ್ಷವಾದ ಕ್ವೊಮಿಂಟಾಂಗ್ ಆಗಲಿ, ಕಮ್ಯುನಿಸ್ಟ್ ಪಕ್ಷವಾಗಲಿ, ಸಂವಿಧಾನವನ್ನು ದೇಶ ಕಟ್ಟುವ ಯೋಜನೆಯಾಗಿ ನೋಡಿದರು. ಆಳುವವರಿಗೆ ಎಳೆದ ಗೆರೆಯಾಗಿ ನೋಡಲಿಲ್ಲ.

ಸಂಶೋಧನಾ ವಿದ್ಯಾರ್ಥಿನಿ:
ಮೇಷ್ಟ್ರೇ, ಅರಮನೆಯ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ನೀವು ಜನರನ್ನು ಚಿತ್ರದಿಂದಲೇ ತೆಗೆದುಬಿಟ್ಟಿರಿ. 1909ರಲ್ಲಿ ಪ್ರಾಂತಗಳಲ್ಲಿ ಸಲಹಾ ಸಭೆಗಳಿಗೆ ಚುನಾವಣೆ ನಡೆಯಿತು. ಮತದಾರರ ಸಂಖ್ಯೆ ತೀರ ಚಿಕ್ಕದು, ಆಸ್ತಿ ಮತ್ತು ಓದು ಇದ್ದ ಗಂಡಸರಿಗೆ ಮಾತ್ರ. ಆದರೂ ಆ ಸಭೆಗಳಲ್ಲಿ ಕುಳಿತವರು ಸುಮ್ಮನೆ ತಲೆಯಾಡಿಸಲಿಲ್ಲ. ಬಜೆಟ್ ಕೇಳಿದರು, ರಾಜ್ಯಪಾಲರ ಜೊತೆ ಜಗಳಕ್ಕೆ ನಿಂತರು. 1910ರಲ್ಲಿ ಅವರ ಪ್ರತಿನಿಧಿಗಳು ಬೀಜಿಂಗಿಗೆ ಮತ್ತೆ ಮತ್ತೆ ಅರ್ಜಿ ಹೊತ್ತು ಹೋಗಿ, ಒಂಬತ್ತು ವರ್ಷ ಕಾಯುವುದಿಲ್ಲ, ಸಂಸತ್ತನ್ನು ಈಗಲೇ ಕರೆಯಿರಿ ಎಂದರು. ಅರಮನೆ 1913ಕ್ಕೆ ಎಂದು ಗಡುವು ತಗ್ಗಿಸಿತು.

ಆಮೇಲೆ 1911ರ ಮೇ ತಿಂಗಳಲ್ಲಿ ಮೊದಲ ಸಚಿವ ಸಂಪುಟ ಪ್ರಕಟವಾಯಿತು. 13 ಸಚಿವರಲ್ಲಿ ಹಾನ್ ಚೀನಿಯರು ಕೇವಲ ನಾಲ್ವರು, ಉಳಿದವರಲ್ಲಿ ಹೆಚ್ಚಿನವರು ರಾಜವಂಶದವರೇ. ಅದುವರೆಗೆ ಕ್ರಾಂತಿ ಬೇಡ, ಸುಧಾರಣೆ ಸಾಕು ಎನ್ನುತ್ತಿದ್ದ ಸಂವಿಧಾನವಾದಿಗಳ ಎದೆ ಒಡೆಯಿತು. ಅದೇ ಬೆನ್ನಿಗೆ ರೈಲ್ವೆಗಳನ್ನು ಸರ್ಕಾರ ವಶಪಡಿಸಿಕೊಂಡಾಗ ಸಿಚುವಾನ್ ಹೊತ್ತಿಕೊಂಡಿತು. ಅಕ್ಟೋಬರ್ 10ರಂದು ವುಚಾಂಗಿನಲ್ಲಿ ಸೈನಿಕರು ದಂಗೆಯೆದ್ದಾಗ ಪ್ರಾಂತ ಪ್ರಾಂತಗಳ ಸಭಾಧ್ಯಕ್ಷರು ಗಣರಾಜ್ಯದ ಕಡೆ ನಡೆದರು. ಗಾಬರಿಯಾದ ಅರಮನೆ ನವೆಂಬರಿನಲ್ಲಿ 19 ವಿಧಿಗಳ ಹೊಸ ಕಾಯ್ದೆ ಹೊರಡಿಸಿ ಚಕ್ರವರ್ತಿಯ ಅಧಿಕಾರವನ್ನು ಸಂಸತ್ತಿಗೆ ಬಿಟ್ಟುಕೊಟ್ಟಿತು. ಆ ಪತ್ರ ಐದು ವರ್ಷ ಮೊದಲೇ ಬಂದಿದ್ದರೆ ಚೀನಾದ ಕಥೆಯೇ ಬೇರೆ ಇರುತ್ತಿತ್ತು ಎಂದು ನನಗೆ ಅನ್ನಿಸುತ್ತದೆ. ಬಯಕೆ ಜನರಲ್ಲಿ ಇತ್ತು, ಅದನ್ನು ನಂಬುವ ಅರಸೊತ್ತಿಗೆ ಇರಲಿಲ್ಲ.

ಧಾರವಾಡದ ವಕೀಲ:
ಗಣರಾಜ್ಯದವರನ್ನೂ ಸ್ವಲ್ಪ ಪ್ರಶ್ನಿಸೋಣ. ಕ್ರಾಂತಿಯ ನಾಯಕ ಸನ್ ಯಾತ್ ಸೇನ್ ಅಧ್ಯಕ್ಷರಾಗಿದ್ದಾಗ ಇದ್ದದ್ದು ಅಧ್ಯಕ್ಷೀಯ ಪದ್ಧತಿ. ಅಧಿಕಾರ ಸೇನಾನಾಯಕ ಯುವಾನ್ ಶಿಕಾಯ್‌ಗೆ ಹೋಗುತ್ತದೆ ಎಂದು ಗೊತ್ತಾದ ಕೂಡಲೇ 1912ರ ಮಾರ್ಚಿನಲ್ಲಿ ತಾತ್ಕಾಲಿಕ ಸಂವಿಧಾನ ತಂದು ಸಂಪುಟಕ್ಕೂ ಸಂಸತ್ತಿಗೂ ಬಲ ಕೊಟ್ಟರು. ಒಬ್ಬ ವ್ಯಕ್ತಿಯನ್ನು ಕಟ್ಟಿಹಾಕಲು ಬರೆದ ಕಾನೂನು ಅದು. ಸಂಸತ್ತು ಅಧ್ಯಕ್ಷರ ಮೇಲೆ ದೋಷಾರೋಪ ಮಾಡಬಹುದಿತ್ತು, ಅಧ್ಯಕ್ಷರಿಗೆ ಸಂಸತ್ತನ್ನು ವಿಸರ್ಜಿಸುವ ಅಧಿಕಾರ ಇರಲಿಲ್ಲ. ಇಂಥ ಕರಡನ್ನು ನನ್ನ ಕಕ್ಷಿದಾರರ ಮುಂದೆ ಇಟ್ಟರೆ ಎದುರುಪಕ್ಷ ಸಹಿ ಮಾಡಿದರೂ ಪಾಲಿಸುವುದಿಲ್ಲ ಎಂದು ಎಚ್ಚರಿಸುತ್ತಿದ್ದೆ.

ಸಂಶೋಧನಾ ವಿದ್ಯಾರ್ಥಿನಿ:
ವಕೀಲರೇ, ಕರಡು ದೋಷದಿಂದ ಕೂಡಿತ್ತು ಎಂದು ಕೊಲೆಗೆ ನೆಪ ಕೊಡಬೇಡಿ. 1912-13ರ ಚುನಾವಣೆಯಲ್ಲಿ ಕ್ವೊಮಿಂಟಾಂಗ್ ಅತಿ ದೊಡ್ಡ ಪಕ್ಷವಾಗಿ ಬಂತು. ಅದನ್ನು ಗೆಲ್ಲಿಸಿದ ಸುಂಗ್ ಜಿಯಾವೊರೆನ್‌ಗೆ ಆಗ ಮೂವತ್ತರ ಆಸುಪಾಸು. ಸಂಪುಟ ಸಂಸತ್ತಿಗೆ ಉತ್ತರ ಹೇಳಬೇಕು ಎಂದು ಊರೂರು ಸುತ್ತಿ ಭಾಷಣ ಮಾಡಿದವನು. 1913ರ ಮಾರ್ಚ್ 20ರಂದು ಬೀಜಿಂಗಿಗೆ ಹೊರಟವನನ್ನು ಶಾಂಘೈ ನಿಲ್ದಾಣದಲ್ಲಿ ಗುಂಡಿಕ್ಕಿದರು, ಎರಡು ದಿನಕ್ಕೆ ಸತ್ತ. ತನಿಖೆಯ ಜಾಡು ಯುವಾನನ ಪ್ರಧಾನಿಯ ಕಚೇರಿಯತ್ತ ಹೋಯಿತು. ಆ ವರ್ಷದ ನವೆಂಬರಿನಲ್ಲಿ ಕ್ವೊಮಿಂಟಾಂಗ್ ಮೇಲೆ ನಿಷೇಧ, 1914ರ ಜನವರಿಯಲ್ಲಿ ಸಂಸತ್ತಿನ ವಿಸರ್ಜನೆ. ಸಂಸದರು ಸ್ವರ್ಗ ದೇಗುಲದ ಆವರಣದಲ್ಲಿ ಕುಳಿತು ರಚಿಸಿದ್ದ ಕರಡು ಕಪಾಟಿಗೆ ಹೋಯಿತು. ಇಡೀ ಚೀನಾದಲ್ಲಿ ಹಲವು ಪಕ್ಷಗಳು ಸ್ಪರ್ಧಿಸಿದ ಅಂಥ ಚುನಾವಣೆ ಮತ್ತೆ ಮೂರು ದಶಕ ನಡೆಯಲಿಲ್ಲ. ಈ ಮನುಷ್ಯನ ಸಾವನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಧಾರವಾಡದ ವಕೀಲ:
ಕೊಲೆಗಾರರ ಪರ ನಾನು ಮಾತನಾಡಿಲ್ಲ. ಸೇನೆ ಒಬ್ಬನ ಕೈಯಲ್ಲಿ, ಕಾಗದ ಇನ್ನೊಬ್ಬರ ಕೈಯಲ್ಲಿ ಇದ್ದಾಗ ಕಾಗದ ಉಳಿಯುವುದಿಲ್ಲ ಎಂದೆ. ಈಗಲೂ ಅದನ್ನೇ ಹೇಳುತ್ತೇನೆ.

ಕಡಲ ತಡಿಯವಳು:
ಯುವಾನ್ ಶಿಕಾಯ್‌ಗೆ ಸಲಹೆ ಕೊಟ್ಟ ಅಮೆರಿಕನ್ ಪ್ರಾಧ್ಯಾಪಕ ಫ್ರಾಂಕ್ ಗುಡ್‌ನೌ ಅವರ ಹೆಸರು ಏಕೆ ಯಾರೂ ಎತ್ತಲಿಲ್ಲ? ಅಮೆರಿಕದ ರಾಜ್ಯಶಾಸ್ತ್ರ ಸಂಘದ ಮೊದಲ ಅಧ್ಯಕ್ಷರು. 1915ರಲ್ಲಿ ಚೀನಾಕ್ಕೆ ಗಣರಾಜ್ಯಕ್ಕಿಂತ ರಾಜಪ್ರಭುತ್ವವೇ ಹೆಚ್ಚು ಹೊಂದುತ್ತದೆ ಎಂದು ಟಿಪ್ಪಣಿ ಬರೆದುಕೊಟ್ಟರು. ಅದನ್ನೇ ಹಿಡಿದು ಯುವಾನ್ ಚಕ್ರವರ್ತಿಯಾಗಲು ಹೊರಟ. ಪ್ರಾಂತಗಳು ತಿರುಗಿಬಿದ್ದವು, 1916ರ ಮಾರ್ಚಿನಲ್ಲಿ ಪಟ್ಟ ಬಿಟ್ಟ, ಜೂನಿನಲ್ಲಿ ಸತ್ತ. ಚೀನಿಯರಿಗೆ ಸ್ವಾತಂತ್ರ್ಯ ಹೊಂದುವುದಿಲ್ಲ ಎನ್ನುವ ಮಾತು ಆಗಲೇ ಹೊರಗಿನವರ ಬಾಯಲ್ಲಿ ಇತ್ತು. ಬಯಲುಸೀಮೆಯವರು ಇದನ್ನು ಗಮನಿಸಬೇಕು.

ಬಯಲುಸೀಮೆ:
ಗಮನಿಸಿದೆ. ಆದರೆ 1923ರಲ್ಲಿ ಸಂಸದರೇ ದುಡ್ಡಿಗೆ ಮತ ಮಾರಿಕೊಂಡರಲ್ಲ, ಅದನ್ನು ಯಾವ ಅಮೆರಿಕನ್ ಹೇಳಿಕೊಟ್ಟ?

ನಿವೃತ್ತ ಇತಿಹಾಸ ಮೇಷ್ಟ್ರು:
ಹೌದು, ಸೇನಾಧಿಪತಿ ತ್ಸಾವೊ ಕುನ್ ಒಂದು ಮತಕ್ಕೆ ಐದು ಸಾವಿರ ಯುವಾನ್ ಕೊಟ್ಟು ಅಧ್ಯಕ್ಷನಾದ. ಆ ಸಂಸದರನ್ನು ಪತ್ರಿಕೆಗಳು ಹಂದಿಗಳೆಂದು ಕರೆದವು. ಅದೇ ಸಂಸತ್ತು ಅಕ್ಟೋಬರ್ 10ರಂದು ಚೀನಾದ ಮೊದಲ ಪೂರ್ಣ ಪ್ರಮಾಣದ ಸಂವಿಧಾನವನ್ನು ಹೊರಡಿಸಿತು. ಪ್ರಾಂತಗಳ ಅಧಿಕಾರವನ್ನು ಬಿಡಿಸಿ ಬರೆದ, ಓದಿದರೆ ಮೆಚ್ಚುವಂಥ ಪಠ್ಯ. ಹುಟ್ಟಿದ ಮನೆಯ ಕಳಂಕದಿಂದ ಯಾರೂ ಅದನ್ನು ಮುಟ್ಟಲಿಲ್ಲ. ಸಂಸತ್ತು ಎಂಬ ಸಂಸ್ಥೆಯ ಮೇಲೆಯೇ ಒಂದು ತಲೆಮಾರಿಗೆ ಹೇಸಿಗೆ ಹುಟ್ಟಿತು. ಸನ್ ಯಾತ್ ಸೇನ್ ಸೋವಿಯತ್ ಮಾದರಿಯ ಶಿಸ್ತಿನ ಪಕ್ಷದ ಕಡೆ ವಾಲಿದ್ದೂ ಆ ಹೊತ್ತಿನಲ್ಲೇ.

ಇದೇ ಕಾಲದಲ್ಲಿ ಹುನಾನ್ ಪ್ರಾಂತ 1922ರಲ್ಲಿ ತನ್ನದೇ ಸಂವಿಧಾನ ಮಾಡಿಕೊಂಡಿತು, ಹೆಂಗಸರಿಗೂ ಮತ ಕೊಟ್ಟಿತು. ಪ್ರಾಂತಗಳು ಮೊದಲು, ಒಕ್ಕೂಟ ಆಮೇಲೆ ಎನ್ನುವ ದಾರಿ. ತರುಣ ಮಾವೊ ಕೂಡ 1920ರಲ್ಲಿ ಹುನಾನಿನ ಸ್ವಾಯತ್ತತೆಯ ಪರ ಬರೆದಿದ್ದ. ಕ್ವೊಮಿಂಟಾಂಗಿನ ಉತ್ತರ ದಂಡಯಾತ್ರೆಯ ಸೇನೆ ಬಂದಾಗ ಅದೂ ಮುಗಿಯಿತು.

ತುಂಗಾತೀರ:
ಸನ್ ಯಾತ್ ಸೇನ್ ಅವರ ಐದು ಅಧಿಕಾರಗಳ ಬಗ್ಗೆ ಯಾರಾದರೂ ಹೇಳುವಿರಾ?

ಶಿವಮೊಗ್ಗದ ಪರೀಕ್ಷಾರ್ಥಿ:
ನಾನು ಹೇಳಬಲ್ಲೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳ ಜೊತೆಗೆ ಪರೀಕ್ಷಾ ಅಂಗ ಮತ್ತು ನಿಗಾ ಅಂಗ ಎಂದು ಇನ್ನೆರಡು ಸೇರಿಸಿದರು. ಅಧಿಕಾರಿಗಳನ್ನು ಪರೀಕ್ಷೆಯಿಂದ ಆರಿಸುವುದು, ಅಧಿಕಾರಿಗಳ ತಪ್ಪನ್ನು ಅರಸನ ಮುಂದೆ ಎತ್ತಿ ಆಡುವ ತನಿಖಾಧಿಕಾರಿಗಳನ್ನು ಇಡುವುದು, ಎರಡೂ ಚೀನಾದ ಹಳೆಯ ಪದ್ಧತಿಗಳು. 1905ರಲ್ಲಿ ಹಳೆಯ ಪರೀಕ್ಷೆಯನ್ನು ರದ್ದು ಮಾಡಿದ ಮೇಲೆ ಸನ್ ಅವರು ಅದಕ್ಕೆ ಸಂವಿಧಾನದಲ್ಲೇ ಜಾಗ ಕೊಡಬೇಕೆಂದರು. ನಮ್ಮಲ್ಲಿ ಲೋಕಸೇವಾ ಆಯೋಗದ ಪರೀಕ್ಷೆ ಒಂದೊಂದು ಬಾರಿ ಮುಂದೂಡಿದಾಗಲೂ ನಮ್ಮಂಥವರ ಒಂದು ವರ್ಷ ಕೈಬಿಟ್ಟು ಹೋಗುತ್ತದೆ. ಪರೀಕ್ಷೆಗೆ ಸ್ವತಂತ್ರ ಅಂಗವೇ ಇರಬೇಕು ಎಂದ ಆ ಮನುಷ್ಯನ ಮೇಲೆ ನನಗೆ ವಿಶೇಷ ಗೌರವ ಇದೆ.

ಕಡಲ ತಡಿಯವಳು:
ಗೌರವ ಇರಲಿ, ಆದರೆ ಮೊದಲು ಸೈನಿಕ ಆಡಳಿತ, ಆಮೇಲೆ ಪಕ್ಷದ ಶಿಕ್ಷಣದ ಅವಧಿ, ಕೊನೆಗೆ ಸಂವಿಧಾನ ಎಂಬ ಮೂರು ಹಂತಗಳನ್ನು ಹಾಕಿಕೊಟ್ಟವರೂ ಅವರೇ. 1928ರಲ್ಲಿ ಕ್ವೊಮಿಂಟಾಂಗ್ ನಾಯಕ ಚಿಯಾಂಗ್ ಕೈ ಶೇಕ್ ಎರಡನೆಯ ಹಂತ ಶುರುವಾಯಿತು ಎಂದರು. ಆರು ವರ್ಷ ಎಂದಿದ್ದು ಹತ್ತೊಂಬತ್ತು ವರ್ಷ ಎಳೆಯಿತು. 1929ರಲ್ಲಿ ಚಿಂತಕ ಹು ಶಿ ಇದನ್ನು ನೇರವಾಗಿ ಪ್ರಶ್ನಿಸಿದರು. ಸರ್ಕಾರ ಮಾನವ ಹಕ್ಕು ರಕ್ಷಣೆಗೆ ಆದೇಶ ಹೊರಡಿಸಿತ್ತು. ವ್ಯಕ್ತಿಗಳಾಗಲಿ ಸಂಘಟನೆಗಳಾಗಲಿ ಇನ್ನೊಬ್ಬರ ಹಕ್ಕಿಗೆ ಧಕ್ಕೆ ತರಬಾರದು ಎಂದು ಅದರಲ್ಲಿ ಇತ್ತು. ಸರ್ಕಾರವೇ ಧಕ್ಕೆ ತಂದರೆ ಏನು, ಅದರ ಮಾತೇ ಇಲ್ಲವಲ್ಲ ಎಂದರು ಹು ಶಿ. ಜನರಿಗೆ ತರಬೇತಿ ಬೇಕಿದ್ದರೆ ಸರ್ಕಾರಕ್ಕೂ ಪಕ್ಷಕ್ಕೂ ಕಾನೂನಿನಡಿ ಬದುಕುವ ತರಬೇತಿ ಬೇಕು ಎಂದೂ ಬರೆದರು. ನೂರು ವರ್ಷದ ಈ ವಾದದಲ್ಲಿ ಇದಕ್ಕಿಂತ ನೇರವಾಗಿ ಯಾರೂ ಮಾತನಾಡಿದ್ದು ನಾನು ಓದಿಲ್ಲ.

ದುಡಿಮೆಗಾರ:
ಎಲ್ಲರೂ ಸಂಸತ್ತು, ಸಂಪುಟ ಎಂದೇ ಮಾತನಾಡುತ್ತಿದ್ದೀರಿ. ಚೀನಾದ ರೈತನಿಗೆ 1912ರ ಸಂವಿಧಾನದಿಂದ ಒಂದು ಹಿಡಿ ಧಾನ್ಯ ಬಂತೇ? ಜಮೀನ್ದಾರರಿಂದ ಭೂಮಿ ಕಿತ್ತು ಹಂಚಿದ್ದು, 1950ರ ಮದುವೆ ಕಾನೂನಿನಿಂದ ಬಲವಂತದ ಮದುವೆಯನ್ನು ನಿಷೇಧಿಸಿದ್ದು ಕಮ್ಯುನಿಸ್ಟರು. 1954ರ ಸಂವಿಧಾನದ ಕರಡನ್ನು ಹಳ್ಳಿ, ಕಾರ್ಖಾನೆಗಳಲ್ಲಿ ಓದಿ ಚರ್ಚಿಸಿದರು, ಅಧಿಕೃತ ಲೆಕ್ಕದಲ್ಲಿ ಸುಮಾರು 15 ಕೋಟಿ ಜನ. ನಮ್ಮ ಸಂವಿಧಾನ ಸಭೆಯನ್ನೂ ಎಲ್ಲ ವಯಸ್ಕರು ಆರಿಸಿರಲಿಲ್ಲ.

ಧಾರವಾಡದ ವಕೀಲ:
ದುಡಿಮೆಗಾರರೇ, ಆ 1954ರ ಸಂವಿಧಾನದ 90ನೆಯ ವಿಧಿ ಪ್ರಜೆಗಳಿಗೆ ವಾಸಸ್ಥಳ ಬದಲಿಸುವ ಸ್ವಾತಂತ್ರ್ಯ ಕೊಟ್ಟಿತ್ತು. 1958ರ ಜನವರಿಯಲ್ಲಿ ಕುಟುಂಬ ನೋಂದಣಿಯ ಹುಕೋ ನಿಯಮ ಬಂತು. ಹಳ್ಳಿಯವನು ಅನುಮತಿ ಇಲ್ಲದೆ ಪಟ್ಟಣಕ್ಕೆ ಹೋಗಿ ನೆಲೆಸುವಂತಿಲ್ಲ. ಎರಡೂ ಒಂದಕ್ಕೊಂದು ನೇರ ವಿರುದ್ಧ. ಇದನ್ನು ಕೇಳಲು ರೈತನಿಗೆ ಒಂದು ನ್ಯಾಯಾಲಯ ಇತ್ತೇ? ಮುಂದಿನ ಎರಡು ಮೂರು ವರ್ಷಗಳಲ್ಲಿ ಬರಗಾಲ ಬಂದಾಗ ಕೋಟ್ಯಂತರ ಜನ ಸತ್ತರು, ಅವರಲ್ಲಿ ಬಹುಪಾಲು ಹಳ್ಳಿಗರು. ನೀವು ಕೇಳಿದ ಒಂದು ಹಿಡಿ ಧಾನ್ಯಕ್ಕೂ ಆ ವಿಧಿಗೂ ಸಂಬಂಧ ಇದೆ. 1975ರಲ್ಲಿ ವಿಧಿಯನ್ನೇ ತೆಗೆದುಹಾಕಿದರು, ಇಂದಿನವರೆಗೂ ಅದು ಹಿಂದಿರುಗಿಲ್ಲ.

ಸಂಶೋಧನಾ ವಿದ್ಯಾರ್ಥಿನಿ:
ರೈತನಷ್ಟೇ ಅಲ್ಲ, ದೇಶದ ಅಧ್ಯಕ್ಷನಿಗೂ ರಕ್ಷಣೆ ಸಿಗಲಿಲ್ಲ. 1954ರಲ್ಲಿ ಸಂವಿಧಾನದ ಕರಡಿನ ಮೇಲೆ ವರದಿ ಮಂಡಿಸಿದವರು ಲಿಯು ಶಾವೊಚಿ. 1967ರಲ್ಲಿ ಸಾಂಸ್ಕೃತಿಕ ಕ್ರಾಂತಿಯ ಹೊತ್ತಿನಲ್ಲಿ ಮಾವೊನ ತರುಣ ಬೆಂಬಲಿಗರಾದ ಕೆಂಪು ಕಾವಲುಗಾರರು ಅವರನ್ನು ಎಳೆದಾಡಿದಾಗ ಸಂವಿಧಾನದ ಪ್ರತಿ ಹಿಡಿದು, ನಾನು ಗಣರಾಜ್ಯದ ಅಧ್ಯಕ್ಷ, ನನ್ನ ಘನತೆಯನ್ನು ಈ ಪುಸ್ತಕ ಕಾಯಬೇಕು ಎಂಬರ್ಥದಲ್ಲಿ ವಾದಿಸಿದರು ಎಂದು ಹೇಳಲಾಗುತ್ತದೆ. 1969ರ ನವೆಂಬರಿನಲ್ಲಿ ಕೈಫೆಂಗಿನ ಒಂದು ಕಟ್ಟಡದಲ್ಲಿ ಚಿಕಿತ್ಸೆಯಿಲ್ಲದೆ ಸತ್ತರು. 1975ರ ಸಂವಿಧಾನ ಅಧ್ಯಕ್ಷ ಹುದ್ದೆಯನ್ನೇ ಅಳಿಸಿತು. ಇಡೀ ಸಂವಿಧಾನದಲ್ಲಿ ಬರೀ 30 ವಿಧಿಗಳು.

ದುಡಿಮೆಗಾರ:
ಸಾಂಸ್ಕೃತಿಕ ಕ್ರಾಂತಿಯನ್ನು ನಾನು ಸಮರ್ಥಿಸುವುದಿಲ್ಲ. ಅದನ್ನು ಅನುಭವಿಸಿದವರೇ 1982ರ ಸಂವಿಧಾನ ಬರೆದರು. ರಚನೆಯ ಕೆಲಸ ನೋಡಿಕೊಂಡ ಪೆಂಗ್ ಝೆನ್ ಸ್ವತಃ ವರ್ಷಗಟ್ಟಲೆ ಬಂಧನದಲ್ಲಿ ಇದ್ದವರು. ಯಾವುದೇ ಸಂಘಟನೆ, ವ್ಯಕ್ತಿ ಸಂವಿಧಾನಕ್ಕಿಂತ ಮೇಲಲ್ಲ ಎಂದು 5ನೆಯ ವಿಧಿಯಲ್ಲಿ ಬರೆದರು. ಅಧ್ಯಕ್ಷರಿಗೆ ಎರಡೇ ಅವಧಿ ಎಂದರು. 1999ರಲ್ಲಿ ಕಾನೂನಿನ ಆಳ್ವಿಕೆ, 2004ರಲ್ಲಿ ಮಾನವ ಹಕ್ಕು ಮತ್ತು ಖಾಸಗಿ ಆಸ್ತಿ ಸೇರಿದವು. ಅದರ ಪ್ರಸ್ತಾವನೆಯಲ್ಲಿ ಪಂಚಶೀಲದ ಐದೂ ತತ್ವಗಳು ಇವೆ, 1954ರಲ್ಲಿ ನಾವೂ ಅವರೂ ಸಹಿ ಹಾಕಿದವು. ಇದನ್ನು ಬೆಳವಣಿಗೆ ಎನ್ನದೆ ಬೇರೇನು ಹೇಳಬೇಕು?

ಕಡಲ ತಡಿಯವಳು:
ಅದೇ ಎರಡು ಅವಧಿಯ ಮಿತಿಯನ್ನು 2018ರ ಮಾರ್ಚ್ 11ರಂದು ತೆಗೆದರು. ಪರ 2,958 ಮತ, ವಿರುದ್ಧ 2, ತಟಸ್ಥ 3. ಪಕ್ಷದ ನಾಯಕತ್ವವನ್ನು ಮೊದಲನೆಯ ವಿಧಿಗೇ ಏರಿಸಿದರು. 1975 ಮತ್ತು 1978ರಲ್ಲಿ ಇದ್ದ ಮುಷ್ಕರದ ಹಕ್ಕನ್ನು 1982ರಲ್ಲಿ ಕೈಬಿಟ್ಟರು. ದುಡಿಮೆಗಾರ ಎಂದು ಹೆಸರಿಟ್ಟುಕೊಂಡ ನೀವು ಅದನ್ನು ಮೊದಲು ಹೇಳಬೇಕಿತ್ತು.

ಗುವಾಂಗ್‌ಝೌನಲ್ಲಿ ಇದ್ದವನು:
ವ್ಯಾಪಾರದ ಕೆಲಸಕ್ಕೆ ಆ ಊರಿನಲ್ಲಿ ಕೆಲಕಾಲ ಇದ್ದೆ. ಅಲ್ಲಿನ ಜನರಿಗೆ ಸಂವಿಧಾನದಲ್ಲಿ ಆಸಕ್ತಿ ಇಲ್ಲ ಎನ್ನುವವರು 2003ನ್ನು ನೆನಪಿಸಿಕೊಳ್ಳಲಿ. ಹುಬೆಯಿಂದ ಬಂದಿದ್ದ 27 ವರ್ಷದ ವಿನ್ಯಾಸಕಾರ ಸುನ್ ಝಿಗಾಂಗ್ ಬಳಿ ತಾತ್ಕಾಲಿಕ ವಾಸದ ಪರವಾನಗಿ ಇರಲಿಲ್ಲವೆಂದು ಹಿಡಿದರು. ಬಂಧನದಲ್ಲೇ ಹೊಡೆತ ತಿಂದು ಸತ್ತ. ಸ್ಥಳೀಯ ಪತ್ರಿಕೆ ಸುದ್ದಿ ಹೊರಗೆ ತಂದಿತು. ಷು ಝಿಯೊಂಗ್, ತೆಂಗ್ ಬಿಯಾವೊ ಮತ್ತು ಇನ್ನೊಬ್ಬ ಕಾನೂನು ವಿದ್ವಾಂಸರು, ಹೀಗೆ ಹಿಡಿದಿಡುವ ನಿಯಮ ಸಂವಿಧಾನಕ್ಕೆ ವಿರುದ್ಧ ಎಂದು ರಾಷ್ಟ್ರೀಯ ಜನಪ್ರತಿನಿಧಿ ಸಭೆಯ ಸ್ಥಾಯಿ ಸಮಿತಿಗೆ ಪತ್ರ ಬರೆದರು. ಜೂನಿನಲ್ಲಿ ಸರ್ಕಾರ ನಿಯಮವನ್ನೇ ಹಿಂತೆಗೆದುಕೊಂಡಿತು. ಸ್ಥಾಯಿ ಸಮಿತಿ ಮಾತ್ರ ಸಂವಿಧಾನದ ಪ್ರಶ್ನೆಗೆ ತೀರ್ಪು ಕೊಡಲಿಲ್ಲ. ನನ್ನ ಚೀನೀ ಪರಿಚಯಸ್ಥರು ವರ್ಷಗಳ ನಂತರವೂ ಆ ಹುಡುಗನ ಹೆಸರು ಹೇಳುವಾಗ ದನಿ ಬದಲಾಗುತ್ತಿತ್ತು. ಷು ಝಿಯೊಂಗ್ ಅವರಿಗೆ 2023ರಲ್ಲಿ 14 ವರ್ಷದ ಜೈಲು ಶಿಕ್ಷೆಯಾಯಿತು.

ಧಾರವಾಡದ ವಕೀಲ:
ನ್ಯಾಯಾಲಯದ ಬಾಗಿಲೂ ಒಮ್ಮೆ ತೆರೆದಿತ್ತು. ಶಾನ್‌ಡಾಂಗಿನ ಒಬ್ಬ ಹೆಣ್ಣುಮಗಳ ಹೆಸರನ್ನೂ ಪ್ರವೇಶಪತ್ರವನ್ನೂ ಸಹಪಾಠಿ ಕದ್ದು ಓದಿ ಬ್ಯಾಂಕ್ ನೌಕರಿ ಹಿಡಿದಿದ್ದಳು. ಸಂವಿಧಾನ ಕೊಟ್ಟ ಶಿಕ್ಷಣದ ಹಕ್ಕಿಗೆ ಧಕ್ಕೆಯಾಗಿದೆ, ಪರಿಹಾರ ಕೊಡಬೇಕು ಎಂದು 2001ರಲ್ಲಿ ಸರ್ವೋಚ್ಚ ಜನತಾ ನ್ಯಾಯಾಲಯ ವ್ಯಾಖ್ಯಾನ ಕೊಟ್ಟಿತು. ಕಾನೂನು ಲೋಕವೇ ಸಂಭ್ರಮಿಸಿತು. 2008ರ ಡಿಸೆಂಬರಿನಲ್ಲಿ ಆ ವ್ಯಾಖ್ಯಾನ ಇನ್ನು ಅನ್ವಯಿಸುವುದಿಲ್ಲ ಎಂದು ಅದೇ ನ್ಯಾಯಾಲಯ ಹಿಂತೆಗೆದುಕೊಂಡಿತು. ಅದೇ ತಿಂಗಳು ಲೇಖಕ ಲಿಯು ಷಿಯಾವೊಬೊ ಮತ್ತು ಸಂಗಡಿಗರು ಸಂವಿಧಾನಬದ್ಧ ಆಡಳಿತ ಕೇಳಿ ಪ್ರಕಟಿಸಿದ ಘೋಷಣೆಗೆ 303 ಜನ ಮೊದಲ ಸಹಿ ಹಾಕಿದ್ದರು. ಲಿಯು ಅವರಿಗೆ 11 ವರ್ಷ ಶಿಕ್ಷೆ. ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಮೊಕದ್ದಮೆಯ, ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಬದಲಿಸುವಂತಿಲ್ಲ ಎಂದ ಆ ತೀರ್ಪಿನ ಬೆಲೆ ತಿಳಿಯುತ್ತದೆ.

ಮಲೆನಾಡಿನ ಮಂಜು:
ಎಡನೀರು ಮಠದ ಯಕ್ಷಗಾನ ಪರಂಪರೆಯೂ ದೊಡ್ಡದು. ಸ್ವಾಮೀಜಿ ಸ್ವತಃ ಒಳ್ಳೆಯ ಹಾಡುಗಾರರಾಗಿದ್ದರು.

ತುಂಗಾತೀರ:
ಮಂಜು ಅವರೇ, ಅದಕ್ಕೆ ಬೇರೆ ಎಳೆ ತೆರೆಯೋಣ. ತೈಪೆಯವರು ಬರೆಯುತ್ತೇನೆ ಎಂದಿದ್ದರು.

ತೈಪೆಯ ಕನ್ನಡಿಗ:
ತಡವಾಯಿತು, ಈಗ ಬರೆಯುತ್ತೇನೆ. 1946ರಲ್ಲಿ ಎಲ್ಲ ಪಕ್ಷಗಳು ಸೇರಿ ಒಪ್ಪಿದ ತತ್ವಗಳ ಮೇಲೆ ಝಾಂಗ್ ಜುನ್‌ಮಾಯ್ ಎಂಬ ವಿದ್ವಾಂಸರು ಕರಡು ಸಿದ್ಧಪಡಿಸಿದರು. ಕ್ವೊಮಿಂಟಾಂಗ್ ಅಲ್ಲ, ಸಣ್ಣ ಪಕ್ಷವೊಂದರ ನಾಯಕ. ಕಮ್ಯುನಿಸ್ಟರು ಸಭೆಯನ್ನು ಬಹಿಷ್ಕರಿಸಿದರು, ಒಳಯುದ್ಧ ನಡೆದೇ ಇತ್ತು. 175 ವಿಧಿಗಳ ಆ ಸಂವಿಧಾನ 1947ರ ಡಿಸೆಂಬರ್ 25ರಂದು ಜಾರಿಗೆ ಬಂತು. ನಾಲ್ಕೇ ತಿಂಗಳಲ್ಲಿ, ಅಧ್ಯಕ್ಷರಿಗೆ ತುರ್ತು ಅಧಿಕಾರ ಕೊಡುವ, ಬಂಡಾಯ ದಮನದ ಅವಧಿಯ ತಾತ್ಕಾಲಿಕ ವಿಧಿಗಳು ಎಂದು ಒಂದನ್ನು ಅದರ ಮೇಲೆ ಹೊದಿಸಿದರು. ಸರ್ಕಾರ ತೈವಾನಿಗೆ ಓಡಿ ಬಂದಾಗ ಎರಡನ್ನೂ ಹೊತ್ತು ತಂದಿತು. 1949ರಿಂದ 1987ರವರೆಗೆ ಸೈನಿಕ ಕಾನೂನು. 1960ರಲ್ಲಿ ಚಿಯಾಂಗ್‌ಗಾಗಿ ಎರಡು ಅವಧಿಯ ಮಿತಿ ತೆಗೆದರು. 2018ರಲ್ಲಿ ಬೀಜಿಂಗ್ ಮಾಡಿದ್ದನ್ನು ತೈಪೆ ಅದಕ್ಕೂ 58 ವರ್ಷ ಮೊದಲೇ ಮಾಡಿತ್ತು. ವಿರೋಧ ಪಕ್ಷ ಕಟ್ಟಲು ಹೊರಟ ಪತ್ರಕರ್ತ ಲೇ ಝೆನ್ ಅದೇ ವರ್ಷ ಹತ್ತು ವರ್ಷಕ್ಕೆ ಜೈಲಿಗೆ ಹೋದರು.

ಚೀನಾದ ಮುಖ್ಯಭೂಮಿಯಲ್ಲಿ 1947-48ರಲ್ಲಿ ಗೆದ್ದ ಪ್ರತಿನಿಧಿಗಳೇ ನಲವತ್ತು ವರ್ಷ ತೈಪೆಯ ಸಭೆಯಲ್ಲಿ ಕುಳಿತಿದ್ದರು. ಅವರ ಊರುಗಳು ಇನ್ನೊಂದು ಸರ್ಕಾರದ ಕೈಯಲ್ಲಿದ್ದವು. 1990ರ ಮಾರ್ಚಿನಲ್ಲಿ ವಿದ್ಯಾರ್ಥಿಗಳು ಚಿಯಾಂಗ್ ಸ್ಮಾರಕದ ಚೌಕದಲ್ಲಿ ಧರಣಿ ಕುಳಿತರು. ಜೂನಿನಲ್ಲಿ ಸಾಂವಿಧಾನಿಕ ನ್ಯಾಯಾಲಯ 261ನೆಯ ವ್ಯಾಖ್ಯಾನದಲ್ಲಿ, ಇವರೆಲ್ಲ 1991ರ ಡಿಸೆಂಬರ್ 31ರೊಳಗೆ ಇಳಿಯಬೇಕು ಎಂದಿತು. ಇಳಿದರು. ತಾತ್ಕಾಲಿಕ ವಿಧಿಗಳು 1991ರ ಮೇ ತಿಂಗಳಲ್ಲಿ ಹೋದವು, 1996ರಲ್ಲಿ ಜನ ನೇರವಾಗಿ ಅಧ್ಯಕ್ಷರನ್ನು ಆರಿಸಿದರು.

ಪುಸ್ತಕ ಅದೇ, ತಿದ್ದುಪಡಿ ಸೇರಿಸಿಕೊಂಡ ಅದೇ 1947ರ ಸಂವಿಧಾನ. ಮೇಷ್ಟ್ರು ಹೇಳಿದ ಬರೆದವರ ಉದ್ದೇಶ ಮುಖ್ಯ ಎಂಬ ಮಾತಿಗೆ ಇಲ್ಲಿ ನನ್ನ ತಕರಾರು ಇದೆ. ಚಿಯಾಂಗ್‌ಗೆ ಅದನ್ನು ಪಾಲಿಸುವ ಮನಸ್ಸು ಇರಲಿಲ್ಲ. ಆದರೆ ಪಠ್ಯದಲ್ಲಿ ಹಕ್ಕುಗಳಿದ್ದವು, ಅರ್ಥ ಹೇಳುವ ನ್ಯಾಯಾಧೀಶರ ಪೀಠ ಇತ್ತು. ಜೈಲಿಗೆ ಹೋಗಲು ಸಿದ್ಧರಿದ್ದ ಜನ ಅದನ್ನು ಎತ್ತಿ ಹಿಡಿದರು.

ನಿವೃತ್ತ ಇತಿಹಾಸ ಮೇಷ್ಟ್ರು:
ಒಳ್ಳೆಯ ತಕರಾರು. ಆದರೆ ತೈವಾನಿನ ಪಕ್ಷಕ್ಕೆ ಹೊರಗಿನ ಒತ್ತಡ ಇತ್ತು, 1971ರಲ್ಲಿ ವಿಶ್ವಸಂಸ್ಥೆಯ ಸ್ಥಾನ ಹೋಗಿತ್ತು, 1979ರಲ್ಲಿ ಅಮೆರಿಕ ಕೈಬಿಟ್ಟಿತ್ತು. ಜನರ ಒಪ್ಪಿಗೆ ಇಲ್ಲದೆ ಉಳಿಯುವ ದಾರಿ ಅದಕ್ಕೆ ಇರಲಿಲ್ಲ. ಬೀಜಿಂಗಿಗೆ ಅಂಥ ಅಗತ್ಯವೇ ಬಂದಿಲ್ಲ. 2013ರ ಹೊಸವರ್ಷಕ್ಕೆ ಗುವಾಂಗ್‌ಝೌನ ವಾರಪತ್ರಿಕೆಯೊಂದು ಚೀನಾದ ಕನಸು ಎಂದರೆ ಸಂವಿಧಾನಬದ್ಧ ಆಡಳಿತದ ಕನಸು ಎಂದು ಬರೆದದ್ದನ್ನು ಪ್ರಚಾರ ಇಲಾಖೆ ತಿದ್ದಿ ಹೊಗಳಿಕೆಯಾಗಿಸಿತು. ಪತ್ರಕರ್ತರು ಪ್ರತಿಭಟಿಸಿದರು, ಕಚೇರಿಯ ಮುಂದೆ ಜನ ಹೂವಿಟ್ಟರು. ಕೆಲವೇ ತಿಂಗಳಲ್ಲಿ ಪಕ್ಷದ ಒಳಗೆ ಹಂಚಿದ 9ನೆಯ ಸುತ್ತೋಲೆ ಎದುರಿಸಬೇಕಾದ ಏಳು ವಿಚಾರಗಳಲ್ಲಿ ಮೊದಲನೆಯದಾಗಿ ಪಾಶ್ಚಾತ್ಯ ಸಾಂವಿಧಾನಿಕ ಪ್ರಜಾಪ್ರಭುತ್ವವನ್ನು ಹೆಸರಿಸಿತು.

ದುಡಿಮೆಗಾರ:
ಅದೇ 2013ರ ಡಿಸೆಂಬರಿನಲ್ಲಿ ವಿಚಾರಣೆಯಿಲ್ಲದೆ ದುಡಿಮೆ ಶಿಬಿರಕ್ಕೆ ತಳ್ಳುವ ವ್ಯವಸ್ಥೆಯನ್ನು ರದ್ದು ಮಾಡಿದರು, ಅದನ್ನೂ ಸೇರಿಸಿ. ಅದು ಸಣ್ಣ ಸಂಗತಿಯಲ್ಲ.

ಗುವಾಂಗ್‌ಝೌನಲ್ಲಿ ಇದ್ದವನು:
ಸಣ್ಣದಲ್ಲ, ಒಪ್ಪುತ್ತೇನೆ. ಅದಕ್ಕಾಗಿ ವರ್ಷಗಟ್ಟಲೆ ಅರ್ಜಿ ಹಾಕಿದ ವಕೀಲರಲ್ಲಿ ಹಲವರನ್ನು 2015ರ ಜುಲೈನಲ್ಲಿ ಹಿಡಿದು ಒಳಗೆ ಹಾಕಿದರು, ಅದನ್ನೂ ಸೇರಿಸಿ.

ಬಯಲುಸೀಮೆ:
ಹಾಂಗ್‌ಕಾಂಗಿನ ಮೂಲ ಕಾನೂನಿನ, ಅಂದರೆ ಅಲ್ಲಿಗೆ ಸಂವಿಧಾನದಂತಿರುವ ಕಾನೂನಿನ ಮಾತನ್ನು ಇಲ್ಲಿ ಯಾರೂ ಎತ್ತಲಿಲ್ಲ. ಅಲ್ಲಿ ಕಾನೂನು, ನ್ಯಾಯಾಲಯ, ವಕೀಲರು ಎಲ್ಲ ಇದ್ದರು. 2020ರ ಜೂನ್ 30ರಂದು ಭದ್ರತಾ ಕಾನೂನು ಬೀಜಿಂಗಿನಿಂದಲೇ ಬಂತು, ಅಲ್ಲಿನ ಶಾಸನಸಭೆಯನ್ನು ಕೇಳಲೂ ಇಲ್ಲ. ಇದಕ್ಕೆ ತೈಪೆಯವರ ಉತ್ತರ ಏನು?

ತೈಪೆಯ ಕನ್ನಡಿಗ:
ಹಾಂಗ್‌ಕಾಂಗಿನ ಮೂಲ ಕಾನೂನಿಗೆ ಕೊನೆಯ ಅರ್ಥ ಹೇಳುವ ಅಧಿಕಾರ 158ನೆಯ ವಿಧಿಯ ಪ್ರಕಾರ ಬೀಜಿಂಗಿನ ಸ್ಥಾಯಿ ಸಮಿತಿಯದು. ತೈಪೆಯಲ್ಲಿ ಆ ಅಧಿಕಾರ ತೈಪೆಯ ನ್ಯಾಯಾಧೀಶರದು. ನನ್ನ ಉತ್ತರ ಅಷ್ಟೇ.